ಗುಬ್ಬಿ ಸೀಮೆಯಲ್ಲಿ ಪಿಯಾನೋ ಕಲಿಯುವವರಿಗೆ



ಪಿಯಾನೋ ಕಲಿಯಬೇಕೆಂದು ಆಸೆಪಟ್ಟು, ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ ಕೂತವರ ಜೊತೆ ಇವತ್ತು ಮಾತಾಡಬೇಕೆಂದಿದ್ದೇನೆ. ಅವರಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಮಕ್ಕಳನ್ನು ದಡ ಮುಟ್ಟಿಸಿ ಈಗ ತಮಗಾಗಿ ಏನಾದರೂ ಕಲಿಯೋಣ ಎಂದುಕೊಂಡ ತಾಯಂದಿರಿದ್ದಾರೆ, ನಿವೃತ್ತರಾದ ಮೇಷ್ಟ್ರುಗಳಿದ್ದಾರೆ. ತುಮಕೂರಿನ ಎಸ್.ಎಸ್. ಪುರಂನಲ್ಲಿರಲಿ, ಗುಬ್ಬಿ ಪೇಟೆಯಲ್ಲಿರಲಿ, ಕುಣಿಗಲ್ಲಿನಲ್ಲಿರಲಿ, ನನ್ನನ್ನು ಕೇಳುವವರೆಲ್ಲರ ಮಾತಿನಲ್ಲೂ ಒಂದು ಅಳುಕು ಇರುತ್ತದೆ. ಇದು ಬೆಂಗಳೂರಿನ ವಿದ್ಯೆ, ಇಂಗ್ಲಿಷ್ ಬಲ್ಲವರ ವಿದ್ಯೆ, ನಮ್ಮೂರಿನ ಬೆರಳಿಗೆ ಒಗ್ಗುತ್ತದೆಯೇ ಎಂದು. ಈ ಅಳುಕು ಬೇಡ. ಬಿಳಿ ಮನೆ, ಕಪ್ಪು ಮನೆಗಳ ವಾದ್ಯವನ್ನು ಇಷ್ಟು ಹತ್ತಿರದಿಂದ, ಇಷ್ಟು ತಲೆಮಾರುಗಳಿಂದ ಕೇಳಿಕೊಂಡು ಬಂದ ಸೀಮೆಗಳು ಕರ್ನಾಟಕದಲ್ಲಿ ಬಹಳವಿಲ್ಲ.

ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಯುರೋಪಿನಲ್ಲಿ 1840ರ ದಶಕದಲ್ಲಿ ರೂಪುಗೊಂಡ ಹಾರ್ಮೋನಿಯಂ, ಕಲ್ಕತ್ತೆಯ ದ್ವಾರಕಾನಾಥ ಘೋಷರಂಥವರ ಕೈಯಲ್ಲಿ ನೆಲದ ಮೇಲೆ ಕೂತು ನುಡಿಸುವ ಪೆಟ್ಟಿಗೆಯಾಗಿ ಮಾರ್ಪಟ್ಟದ್ದೂ 19ನೇ ಶತಮಾನದ ಆ ಕೊನೆಯ ದಶಕಗಳಲ್ಲೇ. ಪಾರ್ಸಿ ಮತ್ತು ಮರಾಠಿ ನಾಟಕ ಕಂಪನಿಗಳು ಹಾರ್ಮೋನಿಯಂ ಅನ್ನು ಊರೂರಿಗೆ ಹೊತ್ತು ತಿರುಗಿದವು. ನಮ್ಮ ಕಂಪನಿಗಳೂ ಬಿಡಲಿಲ್ಲ. ಬಾಲನಟನಾಗಿ ಸಂಘಕ್ಕೆ ಸೇರಿ, ಮುಂದೆ ಅದರ ಒಡೆಯರಾದ ಗುಬ್ಬಿ ವೀರಣ್ಣನವರ ಕಾಲಕ್ಕೆ ಹಾರ್ಮೋನಿಯಂ ಇಲ್ಲದ ನಾಟಕವೇ ಇಲ್ಲ ಎಂಬಂತಾಯಿತು. ಆನೆ ಕುದುರೆಗಳನ್ನೇ ರಂಗಕ್ಕೆ ತಂದ ‘ಕುರುಕ್ಷೇತ್ರ’ದ ವೈಭವವನ್ನು ಎಲ್ಲರೂ ಹೇಳುತ್ತಾರೆ. ಮೈಕಿಲ್ಲದ ಆ ಕಾಲದಲ್ಲಿ, ರಂಗದ ಮುಂದೆ ತಗ್ಗಿನಲ್ಲಿ ಕೂತು, ಎತ್ತರದ ಶ್ರುತಿಯಲ್ಲಿ ಹಾಡುವ ನಟರನ್ನು ಇಡೀ ರಾತ್ರಿ ಹಿಡಿದು ನಡೆಸಿದ ಹಾರ್ಮೋನಿಯಂ ಮೇಷ್ಟ್ರುಗಳ ಮಾತು ಬರುವುದು ಅಪರೂಪ. ಹುಡುಗನಾಗಿ ಮನೆ ಬಿಟ್ಟು ಬಂದು ವೀರಣ್ಣನವರ ಕಂಪನಿ ಸೇರಿದ ಬಿ.ವಿ. ಕಾರಂತರು ಮುಂದೆ ಹೊಸ ರಂಗಭೂಮಿಯ ಸಂಗೀತವನ್ನೇ ಬದಲಿಸಿದರು. ಅವರು ಹಾರ್ಮೋನಿಯಂ ಮುಂದೆ ಕೂತು ತಾವೇ ಹಾಡುತ್ತಾ ನಾಟಕ ಕಟ್ಟುತ್ತಿದ್ದುದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಆ ಪೆಟ್ಟಿಗೆಯ ರುಚಿ ಅವರಿಗೆ ಹತ್ತಿದ್ದು ಕಂಪನಿಯ ಗಾಳಿಯಲ್ಲೇ ಎಂದು ನಾನು ನಂಬುತ್ತೇನೆ.

ಕಂಪನಿಗಳು ಬಳಸುತ್ತಿದ್ದುದು ಬಹುಮಟ್ಟಿಗೆ ಕಾಲು ಹಾರ್ಮೋನಿಯಂ. ಪಿಯಾನೋ ಕಲಿಯುವವರು ಇದನ್ನು ಚೆನ್ನಾಗಿ ಗಮನಿಸಬೇಕು. ಕೈ ಹಾರ್ಮೋನಿಯಂನಲ್ಲಿ ಎಡಗೈ ತಿದಿ ಒತ್ತುವುದಕ್ಕೇ ಮೀಸಲು. ಸ್ವರ ಹಿಡಿಯಲು ಉಳಿಯುವುದು ಬಲಗೈ ಒಂದೇ. ಕಾಲು ಹಾರ್ಮೋನಿಯಂನಲ್ಲಿ ಗಾಳಿ ತುಂಬುವ ಕೆಲಸ ಪಾದಗಳದು. ಮೇಷ್ಟ್ರು ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಎರಡೂ ಕೈಗಳನ್ನು ಮನೆಗಳ ಮೇಲೆ ಆಡಿಸುತ್ತಾರೆ. ಪಿಯಾನೋದ ಕೂರುವ ಭಂಗಿಯೂ ಇದೇ, ಕೈಗಳ ಸ್ವಾತಂತ್ರ್ಯವೂ ಇದೇ. ಬೇರೆಯಾಗುವುದು ಒಂದು ಕಡೆ. ಹಾರ್ಮೋನಿಯಂನಲ್ಲಿ ನಾದದ ಏರಿಳಿತ ಪಾದದ ಕೈಯಲ್ಲಿದೆ: ಜೋರಾಗಿ ತುಳಿದರೆ ಜೋರು, ಮೆಲ್ಲಗೆ ತುಳಿದರೆ ಮೆಲ್ಲಗೆ. ಸ್ವರ ಎಷ್ಟು ಹೊತ್ತು ನಿಲ್ಲಬೇಕೆಂಬುದು ಬೆರಳಿನ ಕೈಯಲ್ಲಿದೆ. ಒತ್ತಿರುವಷ್ಟು ಹೊತ್ತು ಅದು ನುಡಿಯುತ್ತಲೇ ಇರುತ್ತದೆ. ಪಿಯಾನೋದಲ್ಲಿ ಈ ಎರಡು ಕೆಲಸಗಳು ಅದಲುಬದಲು. ಮನೆಯನ್ನು ಒತ್ತಿದಾಗ ಒಳಗೆ ಉಣ್ಣೆಯ ಮೆತ್ತೆ ಹೊದೆಸಿದ ಸುತ್ತಿಗೆಯೊಂದು ತಂತಿಗೆ ಬಡಿಯುತ್ತದೆ. ಬೆರಳು ಎಷ್ಟು ಬೇಗ ಇಳಿಯಿತೋ ಅಷ್ಟು ಜೋರು. ಬಡಿದ ಕ್ಷಣದಿಂದಲೇ ಸ್ವರ ಕರಗಲು ಶುರು. ಬೆರಳು ತೆಗೆದರೆ ತಡೆಯೊಂದು ಬಿದ್ದು ತಂತಿ ಸುಮ್ಮನಾಗುತ್ತದೆ. ಬೆರಳು ತೆಗೆದ ಮೇಲೂ ಸ್ವರ ಉಳಿಯಬೇಕಾದರೆ ಬಲಗಾಲಿನ ಪೆಡಲ್ ಒತ್ತಬೇಕು. ಏರಿಳಿತ ಬೆರಳಿಗೆ ಬಂತು, ಉಳಿಸಿಕೊಳ್ಳುವುದು ಕಾಲಿಗೆ ಹೋಯಿತು. ನಾಟಕದ ಪೆಟ್ಟಿಗೆಯಲ್ಲಿ ಪಳಗಿದವರು ಪಿಯಾನೋಗೆ ಬಂದಾಗ ಮೊದಮೊದಲು ತಡವರಿಸುವುದು ಇಲ್ಲಿಯೇ. ಅವರು ಸ್ವರವನ್ನು ಒತ್ತಿ ಹಿಡಿದು ಕಾಯುತ್ತಾರೆ, ಅದು ಕೈಯಿಂದ ಜಾರಿ ಹೋಗುತ್ತಿರುತ್ತದೆ. ಕರಗುವ ಸ್ವರವನ್ನು ಕಡೆಯವರೆಗೂ ಕಿವಿಗೊಟ್ಟು ಕೇಳುವ ಅಭ್ಯಾಸವೇ ಇದಕ್ಕೆ ಮದ್ದು.

ಈಗ ಮನೆಯಲ್ಲಿ ಕೀಬೋರ್ಡ್ ಇರುವವರು ಅದರ ಮುಂದೆ ಕೂರಿ. ಇಲ್ಲದವರು ಕಣ್ಣ ಮುಂದೆ ಚಿತ್ರ ಕಟ್ಟಿಕೊಂಡರೆ ಸಾಕು.

ಕಪ್ಪು ಮನೆಗಳು ಎರಡು, ಮೂರು, ಎರಡು, ಮೂರು ಎಂದು ಗುಂಪುಗುಂಪಾಗಿ ಇರುತ್ತವೆ. ಪಾಶ್ಚಾತ್ಯ ಪಾಠದ ಎಷ್ಟೋ ಪುಸ್ತಕಗಳು ಬಿಳಿ ಮನೆಯಿಂದ ಆರಂಭಿಸುತ್ತವೆ. ನಾನು ಮೊದಲ ದಿನ ಬಿಳಿ ಮನೆ ಮುಟ್ಟಲು ಬಿಡುವುದಿಲ್ಲ. ಮೂರರ ಗುಂಪಿನಲ್ಲಿ ಎಡಗಡೆಯ ಮೊದಲನೆಯ ಕಪ್ಪು ಮನೆಯನ್ನು ಷಡ್ಜ ಎಂದು ಇಟ್ಟುಕೊಳ್ಳಿ. ಅಲ್ಲಿಂದ ಬಲಕ್ಕೆ ಕಪ್ಪು ಮನೆಗಳನ್ನಷ್ಟೇ ಒಂದೊಂದಾಗಿ ಒತ್ತುತ್ತಾ ಹೋಗಿ. ಸ, ರಿ, ಗ, ಪ, ದ, ಮತ್ತೆ ಮೇಲಿನ ಸ. ನಿಮ್ಮ ಕೈಯಲ್ಲಿ ಮೋಹನ ರಾಗ ಬಂದಿದೆ. ಸ್ವರಲಿಪಿ ಓದಲು ಬಾರದ, ಬೆರಳು ಇನ್ನೂ ಬಗ್ಗದ ಮನುಷ್ಯ ಕೂತ ಮೊದಲ ಹೊತ್ತಿನಲ್ಲೇ ಮೋಹನ ನುಡಿಸಿ ಏಳುತ್ತಾನೆ. ಅಲ್ಲಿ ತಪ್ಪು ಸ್ವರ ಒತ್ತಲು ಜಾಗವೇ ಇಲ್ಲ.

ಇನ್ನೂ ಸೊಗಸಿನ ಸಂಗತಿ ಮುಂದಿದೆ. ಅದೇ ಐದು ಕಪ್ಪು ಮನೆಗಳಲ್ಲಿ ಷಡ್ಜವನ್ನು ಒಂದು ಮನೆ ಬಲಕ್ಕೆ ಸರಿಸಿ, ಮೂರರ ಗುಂಪಿನ ನಡುವಿನದನ್ನು ಸ ಎನ್ನಿ. ಅಲ್ಲಿಂದ ಹತ್ತಿದರೆ ಮಧ್ಯಮಾವತಿ. ಕಛೇರಿ ಮುಗಿಸಿ ಮಂಗಳ ಹಾಡುವ ರಾಗ. ಮೂರನೆಯದರಿಂದ ಹೊರಟರೆ ಹಿಂದೋಳ. ಎರಡರ ಗುಂಪಿನ ಮೊದಲನೆಯದರಿಂದ ಶುದ್ಧ ಸಾವೇರಿ, ಎರಡನೆಯದರಿಂದ ಶುದ್ಧ ಧನ್ಯಾಸಿ. ನಮ್ಮ ಸಂಗೀತಗಾರರು ಇದಕ್ಕೆ ಗ್ರಹಭೇದ ಎನ್ನುತ್ತಾರೆ. ಕಛೇರಿಯಲ್ಲಿ ಅದನ್ನು ಸರಿಯಾಗಿ ಮಾಡಿ ತೋರಿಸುವುದು ದೊಡ್ಡ ವಿದ್ವಾಂಸರ ಕೆಲಸ. ಬಾಯಿಲೆಕ್ಕದಲ್ಲಿ ತಲೆ ತಿನ್ನುವ ಆ ವಿಷಯ ಐದು ಕಪ್ಪು ಮನೆಗಳ ಮೇಲೆ ಕಣ್ಣಿಗೆ ಕಾಣುವಂತೆ ಹರಡಿಕೊಂಡಿದೆ. ಹನ್ನೆರಡು ವರ್ಷದ ಹುಡುಗಿಗೆ ಇದನ್ನು ತೋರಿಸಿದಾಗ ಅವಳ ಮುಖದಲ್ಲಿ ಮೂಡುವ ಬೆರಗಿಗಾಗಿಯೇ ನಾನು ಈ ಪಾಠವನ್ನು ಮೊದಲಿಗೆ ಇಟ್ಟುಕೊಂಡಿದ್ದೇನೆ. ಪ್ರತಿ ರಾಗ ನುಡಿಸುವಾಗಲೂ ಎಡಗೈಯಿಂದ ಕೆಳಗಿನ ಷಡ್ಜವನ್ನು ಆಗಾಗ ಒತ್ತುತ್ತಿರಬೇಕು. ಇಲ್ಲವಾದರೆ ಕಿವಿ ಹಳೆಯ ಷಡ್ಜಕ್ಕೇ ಓಡಿಹೋಗುತ್ತದೆ, ಎಲ್ಲವೂ ಮೋಹನದಂತೆಯೇ ಕೇಳುತ್ತದೆ.

ಆಮೇಲೆ ಬಿಳಿ ಮನೆಗಳು. ಎರಡು ಕಪ್ಪು ಮನೆಗಳ ಗುಂಪಿಗೆ ತಾಗಿದಂತೆ ಎಡಗಡೆ ಇರುವ ಬಿಳಿ ಮನೆಯನ್ನು ಷಡ್ಜ ಮಾಡಿಕೊಂಡು ಎಂಟು ಬಿಳಿ ಮನೆ ಹತ್ತಿದರೆ ಶಂಕರಾಭರಣ; ಪಾಶ್ಚಾತ್ಯರ ಸಿ ಮೇಜರ್. ಎಷ್ಟೋ ಪಿಯಾನೋ ಪುಸ್ತಕಗಳು ಇಲ್ಲಿಂದ ಶುರು. ನಮ್ಮ ಸರಳೆ ವರಸೆ ಶುರುವಾಗುವುದು ಮಾಯಾಮಾಳವಗೌಳದಿಂದ, ಪುರಂದರದಾಸರ ಹೆಸರಿನಲ್ಲಿ ನಡೆದುಬಂದ ಕ್ರಮದಲ್ಲಿ. ಅದೇ ಷಡ್ಜದಿಂದ ರಿಷಭ ಮತ್ತು ಧೈವತಗಳನ್ನು ಅರ್ಧ ಸ್ವರ ಇಳಿಸಿ ಕಪ್ಪಿಗೆ ತಂದರೆ, ಉಳಿದವೆಲ್ಲ ಬಿಳಿಯಲ್ಲೇ ಇದ್ದು ಮಾಯಾಮಾಳವಗೌಳ ಸಿಕ್ಕಿತು. ಎರಡನ್ನೂ ಒಟ್ಟಿಗೇ ಕಲಿಯಿರಿ ಎನ್ನುತ್ತೇನೆ, ಏಕೆಂದರೆ ಬೆರಳಿನ ಲೆಕ್ಕ ಎರಡಕ್ಕೂ ಒಂದೇ. ಬಲಗೈ ಹೆಬ್ಬೆರಳನ್ನು ಒಂದು ಎಂದು ಎಣಿಸಿದರೆ ಸ ರಿ ಗ ಗೆ ಒಂದು, ಎರಡು, ಮೂರು. ಅಲ್ಲಿ ಬೆರಳು ಮುಗಿಯುತ್ತಾ ಬಂತು, ಸ್ವರ ಇನ್ನೂ ಐದಿವೆ. ಮೂರನೇ ಬೆರಳು ಗಾಂಧಾರದ ಮೇಲಿರುವಾಗಲೇ ಹೆಬ್ಬೆರಳು ಅಂಗೈಯ ಕೆಳಗೆ ನುಸುಳಿ ಮಧ್ಯಮಕ್ಕೆ ಹೋಗಬೇಕು. ಮ ಪ ದ ನಿ ಸ ಗೆ ಒಂದರಿಂದ ಐದು. ಇಳಿಯುವಾಗ ಹೆಬ್ಬೆರಳಿನ ಮೇಲಿಂದ ಮೂರನೇ ಬೆರಳು ದಾಟಿ ಬರುತ್ತದೆ.

ಈ ನುಸುಳುವಿಕೆಗೆ ಕೈ ಸಿದ್ಧವಾಗಲು ದಿನಗಳು ಹಿಡಿಯುತ್ತವೆ. ಕೈಮಣಿಕಟ್ಟು ಎದ್ದು ಬೀಳುತ್ತದೆ, ಮಧ್ಯಮ ಮಾತ್ರ ಗುದ್ದಿದಂತೆ ಜೋರಾಗಿ ಕೇಳುತ್ತದೆ. ಬೆಳೆದವರು ಇಲ್ಲಿ ಬೇಸರಪಟ್ಟು ಬಿಡುವುದನ್ನು ಕಂಡಿದ್ದೇನೆ. ಬಿಡುವ ಜಾಗವಲ್ಲ ಇದು. ಮೊದಲ ಕಾಲದಲ್ಲಿ ನಿಧಾನವಾಗಿ, ಸ್ವರದ ಹೆಸರನ್ನು ಬಾಯಲ್ಲಿ ಹಾಡುತ್ತಾ ನುಡಿಸಿ. ಬಾಯಿ ಹಾಡಿದ್ದಕ್ಕಿಂತ ಬೆರಳು ಮುಂದೆ ಓಡಬಾರದು. ಹಾಡದೆ ನುಡಿಸುವವನ ಕೈಗೆ ವೇಗ ಬರುತ್ತದೆ, ಉಸಿರು ಬರುವುದಿಲ್ಲ. ಯಾವ ಹಳ್ಳಿಯ ಹಾರ್ಮೋನಿಯಂ ಮೇಷ್ಟ್ರನ್ನಾದರೂ ನೋಡಿ, ತುಟಿ ಅಲುಗುತ್ತಲೇ ಇರುತ್ತದೆ. ಅವರು ವಾದ್ಯ ನುಡಿಸುತ್ತಿರುವುದಿಲ್ಲ, ವಾದ್ಯದಲ್ಲಿ ಹಾಡುತ್ತಿರುತ್ತಾರೆ.

ಮೊದಲ ಹಾಡು ಯಾವುದಿರಲಿ ಎಂದು ಕೇಳುತ್ತಾರೆ. ಕುಣಿಗಲ್ ಕೆರೆಯ ಚೆಲುವನ್ನು ಹೊಗಳುವ ಜನಪದ ಹಾಡು ಈ ನಾಡಿನಲ್ಲಿ ಯಾರಿಗೆ ಬಾರದು? ಕುಣಿಗಲ್ಲಿನವರಿಗಂತೂ ಅದು ಮನೆಯ ಹಾಡು. ಅದನ್ನು ಪುಸ್ತಕದಿಂದ ನೋಡಿ ನುಡಿಸಬೇಡಿ. ಒಂದು ಸಾಲು ಹಾಡಿ, ಅದರ ಕೊನೆಯ ಸ್ವರ ಯಾವ ಮನೆಯಲ್ಲಿದೆ ಹುಡುಕಿ. ಆ ಸ್ವರ ಸಿಕ್ಕಿತೆಂದರೆ ಉಳಿದವು ಅದರ ಸುತ್ತಲೇ ಇರುತ್ತವೆ. ಒಂದು ಸಂಜೆ ಒಂದು ಸಾಲು ಸಿಕ್ಕರೂ ಸಾಕು. ಹುಡುಕಿ ಪಡೆದ ಸಾಲನ್ನು ಬೆರಳು ಮರೆಯುವುದಿಲ್ಲ. ಬಣ್ಣದ ದೀಪ ಹತ್ತಿದ ಮನೆಯನ್ನು ಒತ್ತುತ್ತಾ ಹೋಗಿ ಎಂದು ಕಲಿಸುವ ಮೊಬೈಲಿನ ಪಾಠಗಳಲ್ಲಿ ಕಣ್ಣಿಗೆ ಕೆಲಸವಿದೆ, ಕಿವಿಗೆ ಇಲ್ಲ. ದೀಪ ಆರಿದ ಮೇಲೆ ಕೈ ಖಾಲಿ.

ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಅದೇ ಮನೆಗಳನ್ನು ನುಡಿಸುತ್ತಿದ್ದರೂ ಶ್ರುತಿ ಮಾತ್ರ ಏರುತ್ತದೆ ಇಲ್ಲವೇ ಇಳಿಯುತ್ತದೆ. ಮೊದಲ ವರ್ಷ ಅದನ್ನು ಮುಟ್ಟದಿರುವುದು ಒಳ್ಳೆಯದು. ನಾಟಕದ ಮೇಷ್ಟ್ರಿಗೆ ಆ ಗುಂಡಿ ಇರಲಿಲ್ಲ. ಕೃಷ್ಣನ ಪಾತ್ರಧಾರಿಯ ಶ್ರುತಿ ಒಂದು, ದುರ್ಯೋಧನನದು ಇನ್ನೊಂದು, ದ್ರೌಪದಿಯದು ಮತ್ತೊಂದು. ಕಪ್ಪು ಒಂದರಲ್ಲಿ, ಎಂದರೆ ಎರಡರ ಗುಂಪಿನ ಮೊದಲ ಕಪ್ಪು ಮನೆಯನ್ನು ಷಡ್ಜ ಮಾಡಿಕೊಂಡು, ನುಡಿಸಿದ ಮಟ್ಟನ್ನೇ ಮರುಕ್ಷಣ ಕಪ್ಪು ನಾಲ್ಕರಲ್ಲಿ ನುಡಿಸಬೇಕು. ಪ್ರತಿ ಸಲ ಬೆರಳಿನ ದಾರಿ ಬೇರೆ. ಕಂದ ಪದ್ಯವಾಗಲಿ ಸೀಸ ಪದ್ಯವಾಗಲಿ, ಪಾತ್ರಧಾರಿ ಬಾಯಿ ತೆರೆದ ಕಡೆ ಷಡ್ಜ ಕಾದಿರಬೇಕು. ಹನ್ನೆರಡು ಮನೆಗಳಲ್ಲಿ ಯಾವುದರಿಂದ ಬೇಕಾದರೂ ಹೊರಡುವ ಈ ಶಕ್ತಿಗಾಗಿ ಪಾಶ್ಚಾತ್ಯ ಸಂಗೀತ ಶಾಲೆಗಳಲ್ಲಿ ವಿದ್ಯಾರ್ಥಿಗಳು ವರ್ಷಗಟ್ಟಲೆ ಸ್ಕೇಲುಗಳನ್ನು ಉರುಹೊಡೆಯುತ್ತಾರೆ. ನಮ್ಮ ಮೇಷ್ಟ್ರುಗಳು ಅದನ್ನು ರಾತ್ರಿಯ ನಾಟಕದಲ್ಲಿ ದುಡಿದು ಕಲಿತರು. ಅವರಿಗೆ ಪದವಿಯ ಕಾಗದವಿರಲಿಲ್ಲ ಎಂಬ ಕಾರಣಕ್ಕೆ ಆ ವಿದ್ಯೆಯನ್ನು ನಾವು ಕೀಳಾಗಿ ಎಣಿಸಿದ್ದೇವೆ. ಇದು ನನ್ನ ಮನಸ್ಸಿಗೆ ಬಹಳ ನೋವು ಕೊಡುವ ವಿಷಯ.

ಬಾನುಲಿಯಲ್ಲಿ ಕೂತು ಹಾರ್ಮೋನಿಯಂ ಬಗ್ಗೆ ಮಾತಾಡುವಾಗ ಒಂದು ಹಳೆಯ ಸಂಗತಿಯನ್ನು ಹೇಳದೆ ಹೋಗಲಾರೆ. 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋ ತನ್ನ ಸ್ಟುಡಿಯೋಗಳಿಂದ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ದೆಹಲಿ ರೇಡಿಯೋದಲ್ಲಿದ್ದ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತಗಾರ ಅದಕ್ಕೆ ಮುಂಚೆಯೇ ಈ ವಾದ್ಯದ ವಿರುದ್ಧ ಬರೆದಿದ್ದರು. ರವೀಂದ್ರನಾಥ ಠಾಕೂರರಿಗೂ ಅದು ಬೇಡವಾಗಿತ್ತು. ಬಹಿಷ್ಕಾರ ಸಡಿಲವಾದದ್ದು 1971ರಲ್ಲಿ, ಅದೂ ಕೆಲವು ಕಟ್ಟುಪಾಡುಗಳೊಂದಿಗೆ. ವಿರೋಧಿಸಿದವರ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಮನೆಗಳ ವಾದ್ಯದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ದಾರಿಯಿಲ್ಲ. ತೋಡಿ ರಾಗದ ಗಾಂಧಾರ ನಿಂತಲ್ಲಿ ನಿಲ್ಲದೆ ತೂಗುತ್ತದೆ. ವೀಣೆಯಲ್ಲಿ ತಂತಿ ಎಳೆದು ಅದನ್ನು ತರಬಹುದು, ಹಾರ್ಮೋನಿಯಂನಲ್ಲೂ ಪಿಯಾನೋದಲ್ಲೂ ತರಲಾಗದು. ಹನ್ನೆರಡು ಸ್ವರಗಳನ್ನು ಸಮಾನ ಅಂತರಕ್ಕೆ ಕೂರಿಸಿರುವುದರಿಂದ, ತಂಬೂರಿಯ ನಾದಕ್ಕೆ ಹೋಲಿಸಿದರೆ ಶಂಕರಾಭರಣದ ಗಾಂಧಾರ ಕೊಂಚ ಏರಿಯೇ ಇರುತ್ತದೆ.

ಇದನ್ನೆಲ್ಲ ಒಪ್ಪಿಕೊಂಡೂ, ಹೊರಗಿಟ್ಟದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಆ 30 ವರ್ಷಗಳಲ್ಲಿ ಹಳ್ಳಿಯ ಲಕ್ಷಾಂತರ ಜನರ ಕಿವಿಗೆ ರಾಗದ ಪರಿಚಯ ಮಾಡಿಸಿದ್ದು ಇದೇ ಪೆಟ್ಟಿಗೆ. ಹೊಲದಲ್ಲಿ ದುಡಿಯುವ ಮನುಷ್ಯ ಭೀಮನ ಪಾತ್ರಕ್ಕಾಗಿ ಮೋಹನವನ್ನೋ ಕಲ್ಯಾಣಿಯನ್ನೋ ಗಂಟಲಿಗೆ ತಂದುಕೊಂಡದ್ದು ಇದರ ಪಕ್ಕದಲ್ಲಿ ಕೂತು. ರಂಗಸಂಗೀತದ ಆರ್. ಪರಮಶಿವನ್ ಅಂಥವರು ಕಂಪನಿಯ ಮಟ್ಟುಗಳನ್ನು ಮುಂದಿನವರಿಗೆ ದಾಟಿಸಿದ್ದೂ ಹಾರ್ಮೋನಿಯಂ ಮೂಲಕವೇ. ಕಲಿಯುವವರು ಇದರಿಂದ ತಿಳಿಯಬೇಕಾದದ್ದು ಇಷ್ಟೇ: ಪಿಯಾನೋದಲ್ಲಿ ತೋಡಿಯ ಬೆನ್ನು ಹತ್ತಬೇಡಿ. ಮೋಹನ, ಹಂಸಧ್ವನಿ, ಶಂಕರಾಭರಣ, ರಂಗಗೀತೆ, ಭಾವಗೀತೆ, ಜನಪದ, ಇವು ಆ ಮನೆಗಳಲ್ಲಿ ಸುಖವಾಗಿ ಕೂರುತ್ತವೆ.

ಎರಡು ಸಂಗೀತಗಳನ್ನು ಒಂದೇ ಮನಸ್ಸಿನಲ್ಲಿ ಇಟ್ಟುಕೊಳ್ಳಬಹುದೇ ಎಂದು ಅನುಮಾನಿಸುವವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರನ್ನು ನೆನೆಯಬೇಕು. ಅವರು ಪಿಯಾನೋವನ್ನು ಶಾಸ್ತ್ರೋಕ್ತವಾಗಿ ಕಲಿತವರು. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಆದರು. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯದ ಸಂಗೀತ ರಚನೆಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಸರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ. ಅದೇ ಒಡೆಯರು ಕರ್ನಾಟಕ ಸಂಗೀತಕ್ಕೆ ತಿರುಗಿ 94 ಕೃತಿಗಳನ್ನು ರಚಿಸಿದರು. ಪಿಯಾನೋದ ಹನ್ನೆರಡು ಮನೆಗಳಲ್ಲಿ ಬೆಳೆದ ಕಿವಿ ದೇವಿಯ ಉಪಾಸನೆಯಾದ ಶ್ರೀವಿದ್ಯೆಯ ಕೃತಿಗಳನ್ನು ಕಟ್ಟಲು ಅಡ್ಡಿಯಾಗಲಿಲ್ಲ.

ವಾದ್ಯ ಕೊಳ್ಳುವ ವಿಷಯ ಬೇಗ ಹೇಳಿಬಿಡುತ್ತೇನೆ. ಪಿಯಾನೋದಲ್ಲಿ 88 ಮನೆಗಳಿವೆ, 52 ಬಿಳಿ, 36 ಕಪ್ಪು. ತಂತಿಯ ಪಿಯಾನೋಗೆ ಬೆಲೆ ಹೆಚ್ಚು, ಜಾಗ ಬೇಕು, ವರ್ಷಕ್ಕೆ ಒಂದೆರಡು ಸಲ ಶ್ರುತಿ ಕೂರಿಸುವವರು ಬೇಕು. ಆರಂಭಕ್ಕೆ 61 ಮನೆಯ ಕೀಬೋರ್ಡ್ ಸಾಕು. ಆದರೆ ಬೆರಳು ಮೆಲ್ಲಗಿಟ್ಟರೆ ಮೆಲ್ಲಗೆ, ಜೋರಾಗಿಟ್ಟರೆ ಜೋರಾಗಿ ನುಡಿಯುತ್ತದೆಯೇ ಎಂದು ಅಂಗಡಿಯಲ್ಲೇ ಒತ್ತಿ ನೋಡಿ. ಅದಿಲ್ಲದ ಕೀಬೋರ್ಡಿನಲ್ಲಿ ಪಿಯಾನೋದ ಬೆರಳು ಬೆಳೆಯುವುದಿಲ್ಲ. ಪರೀಕ್ಷೆ ಕಟ್ಟುವ ಆಸೆಯಿರುವ ಮಕ್ಕಳಿಗೆ ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡುಗಳು ಬೆಂಗಳೂರಿನಲ್ಲಿ ನಡೆಯುತ್ತವೆ. ಅದಕ್ಕೆ ಸ್ವರಲಿಪಿ ಓದಲು ಬರಲೇಬೇಕು. ಕಿವಿಯ ಪಾಠ ಗಟ್ಟಿಯಾದ ಮೇಲೆ ಲಿಪಿಗೆ ಹೋದವರು ಅದನ್ನು ಬೇಗ ಹಿಡಿಯುತ್ತಾರೆ.

ಎಡಗೈಯ ಮಾತು ಬಾಕಿ ಉಳಿದಿದೆ. ಕೈ ಹಾರ್ಮೋನಿಯಂನಿಂದ ಬಂದವರ ಎಡಗೈ ಮನೆಗಳ ಮೇಲೆ ಕಲ್ಲಿನಂತೆ ಕೂರುತ್ತದೆ. ಅದಕ್ಕೆ ಮೊದಲು ಸ ಮತ್ತು ಪ, ಇವೆರಡನ್ನು ಮಾತ್ರ ಕೊಡಿ. ತಾಳದ ಆವರ್ತನೆಯ ಮೊದಲಿಗೊಮ್ಮೆ ಒತ್ತಲಿ. ಸ್ವರ ಕರಗುತ್ತದಲ್ಲ, ಅದಕ್ಕೆ ಪ್ರತಿ ಆವರ್ತನೆಗೂ ಹೊಸದಾಗಿ ಒತ್ತಬೇಕು. ಬಲಗೈ ಹಾಡಿನ ಸಾಲನ್ನು ನಡೆಸುತ್ತಿರುವಾಗ ಎಡಗೈ ಇಷ್ಟು ಮಾಡಲು ಕಲಿತರೆ ದೊಡ್ಡ ಗೋಡೆ ದಾಟಿದಂತೆ. ಮುಂದೆ ಮೂರು ಸ್ವರ ಒಟ್ಟಿಗೆ ಒತ್ತುವ ಕಾರ್ಡುಗಳು. ಶಂಕರಾಭರಣದಲ್ಲಿ ಸ ಗ ಪ, ಮ ದ ಸ, ಪ ನಿ ರಿ. ಈ ಮೂರನ್ನು ಹಿಡಿದರೆ ಎಷ್ಟೋ ಭಾವಗೀತೆಗಳಿಗೆ ಜೊತೆ ಕೊಡಬಹುದು. ರಾಗದ ಹಾಡಿಗೆ ಮಾತ್ರ ಎಚ್ಚರ ಬೇಕು. ಮೋಹನಕ್ಕೆ ಸ ಗ ಪ ಸರಿ, ದ ಸ ಗ ಕೂಡ ಸರಿ. ಮ ದ ಸ ಒತ್ತಿದಿರೋ, ಮೋಹನದಲ್ಲಿ ಇಲ್ಲದ ಮಧ್ಯಮ ಒಳಗೆ ಬಂದು ಕೂತಿತು, ರಾಗ ಕೆಟ್ಟಿತು. ಸಿನಿಮಾ ಹಾಡಿನ ರೂಢಿಯಿಂದ ಇದನ್ನು ಎಷ್ಟೋ ಜನ ಗಮನಿಸುವುದೇ ಇಲ್ಲ. ಯಾವ ಮೂರು ಸ್ವರ ಒತ್ತಿದರೂ ಅವು ಹಾಡಿನ ರಾಗದ ಸ್ವರಗಳೇ ಹೌದೇ ಎಂದು ಒಮ್ಮೆ ಕೇಳಿಕೊಳ್ಳಿ.

ಇದನ್ನೆಲ್ಲ ಕಣ್ಣಾರೆ ನೋಡಿ ಕಲಿಯಲು ನಮ್ಮ ಜಿಲ್ಲೆಯಲ್ಲಿ ಈಗಲೂ ಜಾಗಗಳಿವೆ. ಸುಗ್ಗಿ ಮುಗಿದು ಜಾತ್ರೆಗಳ ಕಾಲ ಬಂತೆಂದರೆ ಗುಬ್ಬಿ, ಕುಣಿಗಲ್, ತುರುವೇಕೆರೆ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ದ ತಾಲೀಮು ನಡೆಯುತ್ತದೆ. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲೂ ಪೌರಾಣಿಕ ನಾಟಕಗಳು ಆಗುತ್ತಿರುತ್ತವೆ. ನಾಟಕದ ದಿನಕ್ಕಿಂತ ತಾಲೀಮಿನ ದಿನಗಳಲ್ಲಿ ಹೋಗುವುದು ವಾಸಿ. ಅಲ್ಲಿ ಸೀನರಿ ಇಲ್ಲ, ಬಣ್ಣದ ದೀಪವಿಲ್ಲ. ಊರ ದೇವಸ್ಥಾನದ ಜಗುಲಿಯ ಮೇಲೋ ಶಾಲೆಯ ಕೊಠಡಿಯಲ್ಲೋ ಮೇಷ್ಟ್ರು ಪೆಟ್ಟಿಗೆ ಇಟ್ಟುಕೊಂಡು, ಒಂದೇ ಕಂದವನ್ನು ಪಾತ್ರಧಾರಿಯ ಬಾಯಿಗೆ ಕೂರುವ ತನಕ ಹೇಳಿಕೊಡುತ್ತಿರುತ್ತಾರೆ. ಪಾತ್ರಧಾರಿ ಮಾತು ಮರೆತು ನಿಂತರೆ ಸ್ವರವನ್ನು ಎಳೆದು ಹಿಡಿದು ಕಾಯುತ್ತಾರೆ, ತಾವೇ ಮೊದಲ ಪದ ಹಾಡಿ ಎತ್ತಿಕೊಡುತ್ತಾರೆ. ಈಗ ಬಹಳ ಕಡೆ ಕಾಲು ಹಾರ್ಮೋನಿಯಂ ಜಾಗಕ್ಕೆ ಕೀಬೋರ್ಡ್ ಬಂದಿದೆ, ಕೈಗಳು ಹಳೆಯವೇ. ನಿಮ್ಮ ಊರಿನಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಕಾಲು ಹಾರ್ಮೋನಿಯಂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ತಿದಿಯ ಚರ್ಮ ಹರಿದಿದ್ದರೆ ಹೊಸದು ಹಾಕಿಸಬಹುದು, ಒಳಗಿನ ಹಿತ್ತಾಳೆಯ ನಾಲಿಗೆಗಳನ್ನು ಶ್ರುತಿಗೆ ತರುವವರು ಇನ್ನೂ ಇದ್ದಾರೆ. ಅದರ ಮೇಲೆ ಎರಡು ಕೈ ಪಳಗಿಸಿದ ಮಗುವಿಗೆ ನಾಳೆ ಪಿಯಾನೋ ಪರಕೀಯ ಎನಿಸುವುದಿಲ್ಲ.

ತಾಲೀಮಿಗೆ ಹೋದಾಗ ಮೇಷ್ಟ್ರನ್ನು ಕೇಳಿ ಅವರ ಎಡಗಡೆ ಕೂತುಕೊಳ್ಳಿ. ಬಲಗೈ ಮಾಡುವುದೆಲ್ಲ ಕಿವಿಗೇ ಕೇಳುತ್ತದೆ. ಎಡಗೈ ಯಾವಾಗ ಷಡ್ಜ ಬಿಡುತ್ತದೆ, ಯಾವಾಗ ಪಂಚಮ ಸೇರಿಸುತ್ತದೆ, ಹಾಡುವವನು ಉಸಿರು ತೆಗೆದುಕೊಳ್ಳುವಾಗ ಎಲ್ಲಿ ತುಂಬುತ್ತದೆ ಎಂಬುದು ಆ ಕಡೆಯಿಂದಷ್ಟೇ ಕಾಣುತ್ತದೆ. ಒಂದು ಹಾಡಿನ ಎಡಗೈಯನ್ನು ಪೂರ್ತಿ ನೋಡಿ ಮನಸ್ಸಿನಲ್ಲಿಟ್ಟುಕೊಂಡು ಬನ್ನಿ, ಮನೆಗೆ ಬಂದ ಕೂಡಲೇ ಕೀಬೋರ್ಡಿನ ಮೇಲೆ ಅದನ್ನೊಂದನ್ನೇ ನುಡಿಸಿ ನೋಡಿ. ಬಲಗೈಯ ಸಾಲನ್ನು ಬಾಯಲ್ಲಿ ಹಾಡಿಕೊಳ್ಳಿ.